ಯಾವ ಸುನಂದಾ?

ಮೊನ್ನೆ ಟೀವಿಯಲ್ಲಿ ಸುದ್ದಿ ಓದುತ್ತಿದ್ದ ಹುಡುಗಿ "ಸುನಂದಾ ಅವರಿಗೆ ಸನ್ಮಾನ" ಎಂದಳು. ಅವಳು ಮಾತು ಮುಗಿಸುವ ಮೊದಲೇ ನಾನು ಕುರ್ಚಿಯಿಂದ, ನನ್ನ ಹೆಂಡತಿ ಅಡುಗೆಮನೆಯಿಂದ, ಒಟ್ಟಿಗೇ ಕೇಳಿದೆವು: "ಯಾವ ಸುನಂದಾ?" ಉತ್ತರ ಸಿಗಲಿಲ್ಲ, ನಡುವೆ ಸಾಬೂನಿನ ಜಾಹೀರಾತು ಬಂತು. ಆದರೆ ಉತ್ತರಕ್ಕಾಗಿ ನಾವು ಕೇಳಿರಲೂ ಇಲ್ಲ. ಕೆಲವರ ಮನೆಯಲ್ಲಿ ಯಾರಾದರೂ ಸೀನಿದರೆ ಪಕ್ಕದವರು ತಾವಾಗಿ ‘ಚಿರಂಜೀವಿ’ ಅನ್ನುತ್ತಾರಲ್ಲ, ಹಾಗೆ ಇದು ನಮ್ಮ ಮನೆಯ ಹಳೆಯ ಚಟ.

ಚಟಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ನಮ್ಮ ಸಾಂಗಲಿ, ಮಿರಜದ ಕಡೆಯ ಪತ್ರಿಕೆ ತೆರೆದರೆ ಮೂವರು ಸುನಂದಾ ಎದುರಾಗುತ್ತಿದ್ದರು. ಒಬ್ಬಳು ಓಟಗಾರ್ತಿ. ಇನ್ನೊಬ್ಬಳು, ಹೆಂಗಸರಿಗೆ ಸೀಟು ಮೀಸಲಾದ ಹೊಸದರಲ್ಲಿ ಗಂಡನ ಬದಲಿಗೆ ನಿಂತು ಗೆದ್ದು, ಆಮೇಲೆ ಗಂಡನನ್ನೇ ಮರೆಸುವಷ್ಟು ದೊಡ್ಡ ಪುಢಾರಿಯಾದವಳು. ಮೂರನೆಯವಳು ಮರಾಠಿ ಸಿನಿಮಾ ನಟಿ. ಅಡ್ಡಹೆಸರು ಹೇಳಿದ್ದರೆ ಗೊಂದಲ ಮುಗಿಯುತ್ತಿತ್ತು. ಆದರೆ ನಮ್ಮವ್ವನಿಗೆ ಅಡ್ಡಹೆಸರುಗಳಲ್ಲಿ ನಂಬಿಕೆ ಇರಲಿಲ್ಲ. ಯಾರ ಅಡ್ಡಹೆಸರು ಕೇಳಿದರೂ "ಅವರು ನಮ್ಮ ಕುಡಚಿ ಕಾಕಾನ ಬೀಗರೇನು?" ಎಂದು ಸಂಬಂಧ ಹುಡುಕಲು ಕೂತುಬಿಡುತ್ತಿದ್ದಳು. ಹಾಗಾಗಿ ಅವಳೇ ಬೇರೆ ಹೆಸರು ಕೊಟ್ಟಿದ್ದಳು: ಓಡೂ ಸುನಂದಾ, ಭಾಷಣದ ಸುನಂದಾ, ಅಳೂ ಸುನಂದಾ. ನಟಿ ಪ್ರತಿ ಸಿನಿಮಾದಲ್ಲೂ ಅತ್ತೆಯ ಕಾಟಕ್ಕೆ ತುಳಸಿಕಟ್ಟೆಯ ಮುಂದೆ ಅಳುತ್ತಿದ್ದಳು. ಕೇಬಲ್ ಬಂದ ಮೇಲೆ ಅವಳೇ ಧಾರಾವಾಹಿಗಳಲ್ಲಿ ಅತ್ತೆಯಾಗಿ ಬೇರೆಯವರನ್ನು ಅಳಿಸತೊಡಗಿದಳು. ಅವ್ವ ಮಾತ್ರ ಹೆಸರು ಬದಲಿಸಲಿಲ್ಲ.

ನಾಲ್ಕನೆಯ ಸುನಂದಾ ನನ್ನ ತಂಗಿ. ಮಿರಜದ ನಮ್ಮ ಓಣಿ ಮತ್ತು ಅದರ ಆಚೆಯ ಓಣಿ, ಇಷ್ಟರೊಳಗೆ ಅವಳೂ ಪ್ರಸಿದ್ಧಳೇ. ಖೋ-ಖೋ ಆಡುತ್ತಿದ್ದಳು. ಅಪ್ಪ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತರು, ಮನೆಯ ಹಿಂದೆ ರೈಲ್ವೆ ಮೈದಾನ. ತಂತಿವಾದ್ಯ ಮಾಡುವವರ ಮನೆಗಳ ಮಾಳಿಗೆಯ ಮೇಲೆ ಒಣಗಲು ಇಟ್ಟ ದೊಡ್ಡ ದೊಡ್ಡ ಸೋರೆ ಬುರುಡೆಗಳು ಆ ಮೈದಾನದಿಂದ ಕಾಣುತ್ತಿದ್ದವು. ಅವೆಲ್ಲ ತನ್ನ ಆಟ ನೋಡಲು ಬಂದ ಬೋಳುತಲೆಯ ಪ್ರೇಕ್ಷಕರು ಎಂದು ತಂಗಿ ಹೇಳುತ್ತಿದ್ದಳು. ಅಥವಾ ನಾನೇ ಹೇಳಿದ್ದೆನೋ ಏನೋ. ನಮ್ಮಿಬ್ಬರ ಬಾಲ್ಯದಲ್ಲಿ ಯಾವ ಒಳ್ಳೆಯ ಮಾತು ಯಾರದು ಎಂಬ ತಗಾದೆ ಇನ್ನೂ ಬಗೆಹರಿದಿಲ್ಲ.

ಅವಳ ತಂಡ ಜಿಲ್ಲಾ ಪಂದ್ಯ ಗೆದ್ದಾಗ ಸಾಂಗಲಿಯ ಪತ್ರಿಕೆಯಲ್ಲಿ ಅವಳ ಹೆಸರು ಬಂತು. ಆವತ್ತೇ, ಅದೇ ಪುಟದಲ್ಲಿ, ಓಡೂ ಸುನಂದಾ ಯಾವುದೋ ಪದಕ ಗೆದ್ದದ್ದೂ ಬಂದಿತ್ತು. ಹಾಲಿನವನು ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಏನ್ರಿ ಮಾವಶಿ, ನಿಮ್ಮ ಮಗಳು ಒಂದ ಪೇಪರಿನಾಗ ಎರಡ ಕಡೆ ಗೆದ್ದಾಳಲ್ಲ" ಎಂದ. ತಂಗಿ ಒಳಗಿನಿಂದ, "ಮೂರನೇದ್ದು ನೋಡ್ರಿ, ಒಳಗಿನ ಪುಟದಾಗ ಗಟಾರ ಉದ್ಘಾಟನೆನೂ ನಾನ ಮಾಡೇನಿ" ಎಂದಳು. ಅಂದಿನಿಂದ ಅವಳಿಗೊಂದು ಹುರುಪು: ಆ ಮೂವರು ದೊಡ್ಡವರು ತನ್ನ ಹೆಸರನ್ನು ಇಟ್ಟುಕೊಂಡಿದ್ದಾರೆ, ತಾನು ಅವರದನ್ನಲ್ಲ.

ಹೆಸರು ಎಲ್ಲಿಂದ ಬಂತು ಎಂಬ ಬಗ್ಗೆ ಮನೆಯಲ್ಲಿ ಎರಡು ಕಥೆಗಳಿದ್ದವು. ಅಳೂ ಸುನಂದಾಳ ಸಿನಿಮಾ ನೋಡಿ ಬಂದು ಇಟ್ಟೆ ಎಂದು ಅಪ್ಪ ಹೇಳುತ್ತಿದ್ದರು. ನಾನು ಕೊಲ್ಹಾಪುರಕ್ಕೆ ಹೋಗಿ ಇತಿಹಾಸದಲ್ಲಿ ಎಂ.ಎ. ಮುಗಿಸಿ, ಅನುಮಾನಪಡುವುದನ್ನೇ ಕಸುಬು ಮಾಡಿಕೊಂಡು ಬಂದವನು. ತಂಗಿ ಹುಟ್ಟಿದಾಗ ಆ ನಟಿ ಇನ್ನೂ ಶಾಲೆಗೆ ಹೋಗುತ್ತಿದ್ದಳು ಎಂದು ಲೆಕ್ಕ ಹಾಕಿ ತೋರಿಸಿದೆ. ಅಪ್ಪ ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತ, "ಹಂಗಾರ ಆಕೀ ಅಪ್ಪ ನನ್ನ ಕೇಳಿ ಇಟ್ಟಾನ ತಗೋ" ಎಂದರು. ಅವ್ವನ ಕಥೆ ಗಂಭೀರವಾದದ್ದು. ನಾವು ಜೈನರು. ಆದಿನಾಥ ತೀರ್ಥಂಕರನಿಗೆ ಇಬ್ಬರು ರಾಣಿಯರು: ಯಶಸ್ವತಿ ಮತ್ತು ಸುನಂದಾ. ಯಶಸ್ವತಿಯ ಹಿರಿಯ ಮಗ ಭರತ ಚಕ್ರವರ್ತಿ. ಸುನಂದಾಳ ಮಗ ಬಾಹುಬಲಿ. ಬಸದಿಯಲ್ಲಿ ಪುರಾಣ ಕೇಳುತ್ತ ಕೂತಿದ್ದಾಗ ಹೊಟ್ಟೆಯೊಳಗೆ ಕೂಸು ಒದೆಯಿತಂತೆ, ಅದಕ್ಕೇ ಆ ಹೆಸರು. ಇದನ್ನು ಲೆಕ್ಕ ಹಾಕಿ ಅಲ್ಲಗಳೆಯುವ ವಿದ್ಯೆ ನನಗೆ ಕೊಲ್ಹಾಪುರದಲ್ಲಿ ಯಾರೂ ಕಲಿಸಿರಲಿಲ್ಲ.

ತಂಗಿಗೆ ಗಂಡು ಗೊತ್ತಾದದ್ದು ಕುಪವಾಡದಲ್ಲಿ. ಆಗ ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ದಿನಕ್ಕೊಂದು ತಗಡಿನ ಶೆಡ್ಡು ಏಳುತ್ತಿತ್ತು. ಹುಡುಗ ಅಜಿತ, ಎರಡು ಲೇಥ್ ಇಟ್ಟುಕೊಂಡು ಮೋಟರ್‌ಸೈಕಲ್ಲಿನ ಬಿಡಿಭಾಗ ಮಾಡುತ್ತಿದ್ದ. ಮನೆಯ ಮುಂದೆ ಸ್ಕೂಟರು, ಒಳಗೆ ಬಣ್ಣದ ಟೀವಿ, ಅದರ ಮೇಲೆ ಹೆಣಿಗೆಯ ಹೊದಿಕೆ, ಮೂಲೆಯಲ್ಲಿ ಇನ್ನೂ ಪ್ಲಾಸ್ಟಿಕ್ ಚೀಲ ತೆಗೆಯದ ಟೆಲಿಫೋನು. ಹುಡುಗ ಒಳ್ಳೆಯವನು. ತಂಗಿಗೂ ಒಪ್ಪಿಗೆಯಾಯಿತು. ತೊಡಕು ಇದ್ದದ್ದು ಒಂದೇ: ಆ ಮನೆಯ ಹಿರಿಯ ಸೊಸೆಯ ಹೆಸರೂ ಸುನಂದಾ.

ನಮ್ಮ ಕಡೆಯ ಪದ್ಧತಿ ತಿಳಿಯದವರಿಗೆ ಹೇಳಬೇಕು. ಲಗ್ನವಾಗಿ ಹೆಣ್ಣು ಗಂಡನ ಮನೆ ಸೇರಿದ ದಿನ ತಾಟಿನ ತುಂಬ ಅಕ್ಕಿ ಹರವಿ ಇಡುತ್ತಾರೆ. ಗಂಡ ಬಂಗಾರದ ಉಂಗುರದಿಂದ ಆ ಅಕ್ಕಿಯಲ್ಲಿ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ನೆರೆದವರು ಓದುತ್ತಾರೆ, ಪೇಢೆ ಹಂಚುತ್ತಾರೆ. ಅಲ್ಲಿಗೆ ಆ ಹುಡುಗಿ ಇಪ್ಪತ್ತು ಚಿಲ್ಲರೆ ವರ್ಷ ಓಗೊಟ್ಟ ಹೆಸರು ಮುಗಿಯಿತು. ಕೆಲವು ಮನೆಗಳಲ್ಲಿ ಹಳೆಯ ಹೆಸರನ್ನೇ ಬರೆದು ಶಾಸ್ತ್ರ ಮುಗಿಸುವುದೂ ಉಂಟು. ಆದರೆ ಮನೆಯಲ್ಲಿ ಆಗಲೇ ಅದೇ ಹೆಸರಿನ ಸೊಸೆ ಇದ್ದರೆ ಮಾತೇ ಇಲ್ಲ, ಬದಲಾಗಲೇಬೇಕು.

"ನಾ ಬದಲಿ ಮಾಡಿಕೊಳ್ಳಂಗಿಲ್ಲ" ಎಂದಳು ತಂಗಿ.

"ಹೆಸರಿನಾಗ ಏನೈತವ್ವಾ?" ಅಪ್ಪ ಮೆಲ್ಲಗೆ ಕೇಳಿದರು.

"ಏನಿಲ್ಲಂದ್ರ ನಿಮ್ಮದು ಬದಲಿ ಮಾಡ್ಕೋರಿ. ಅಂವ ತಾಟಿನಾಗ ಬ್ಯಾರೆ ಹೆಸರು ಬರದ್ರ ನಾ ಅಲ್ಲೇ ಕೈಲೆ ಅಳಸ್ತೀನಿ. ಮಂದಿ ಮುಂದ."

ಅಳಿಸುವವಳೇ. ಮೈದಾನದಲ್ಲಿ ಅವಳ ಕೈಯ ವೇಗ ನಾವು ನೋಡಿದ್ದೆವು. ಅಪ್ಪ ಹೆದರಿ ನನ್ನತ್ತ ನೋಡಿದರು. "ನೀ ಕಲ್ತಾಂವ ಅದೀ. ಹೋಗಿ ಬೀಗತಿಗೆ ತಿಳಿಸಿ ಹೇಳು."

ಹೋದೆ. ಆಗ ನಾನು ಸಾಂಗಲಿಯ ಒಂದು ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕ. ಖಾಯಂ ಆಗದವರಿಗೆ ಇರುವಷ್ಟು ಆತ್ಮವಿಶ್ವಾಸ ಖಾಯಂ ಆದವರಿಗೂ ಇರುವುದಿಲ್ಲ. ಅಜಿತನ ತಾಯಿ ಚಂಪಾಬಾಯಿ ನೆಲದ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಕುರ್ಚಿಯ ತುದಿಯಲ್ಲಿ ಕೂತು, ಹಳೆಯ ಶಿಲಾಶಾಸನಗಳಲ್ಲಿ ದಾನ ಕೊಟ್ಟ ಹೆಂಗಸರು ತಮ್ಮ ತಮ್ಮ ಹೆಸರಿನಲ್ಲೇ ಕೊಟ್ಟಿದ್ದಾರೆಂದೂ, ಈ ಹೆಸರು ಬದಲಿಸುವುದು ಸನಾತನವೇನಲ್ಲವೆಂದೂ, ಯಾವ ಗ್ರಂಥದಲ್ಲೂ ಇಲ್ಲವೆಂದೂ ಒಂದು ಪಿರಿಯಡ್ ತುಂಬುವಷ್ಟು ಹೇಳಿದೆ. ಅವರು ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದರು.

"ತಮ್ಮಾ, ಎಲ್ಲಿತನಕಾ ಕಲ್ತಿ?"

"ಎಂ.ಎ. ಆಗೇತ್ರಿ."

"ಹಂಗಾರ ನಿನಗ ಗೊತ್ತಿರಬೇಕು. ನಾ ಹಿತ್ತಲದಾಗ ಇರತೀನಿ. ಒಲಿಮ್ಯಾಲೆ ಹಾಲು ಉಕ್ಕಾಕತ್ತಿರತೈತಿ. ‘ಸುನಂದಾ, ಹಾಲು!’ ಅಂತ ಒದರತೀನಿ. ಯಾವಾಕಿ ಓಡಬೇಕು?"

ನಾನು ಶೇಂಗಾ ಬಾಯಿಗೆ ಹಾಕಿಕೊಂಡೆ. ಮನೆಗೆ ಬಂದು ಹೇಳಿದಾಗ ತಂಗಿ, "ಯಾರು ಹತ್ತರ ಇರ್ತಾರ ಅವರು ಓಡ್ತಾರ. ಖೋ-ಖೋ ನೋಡಿಲ್ಲೇನು ಆ ಮುದುಕಿ?" ಎಂದಳು. ಎಷ್ಟು ಸರಳ. ಆದರೆ ಶೇಂಗಾ ತಿನ್ನುತ್ತ ಕೂತ ನನಗೆ ಆಗ ಹೊಳೆಯಲಿಲ್ಲ.

ಅಷ್ಟೇ ಅಲ್ಲ, ಚಂಪಾಬಾಯಿ ಹೊಸ ಹೆಸರನ್ನೂ ಗೊತ್ತುಮಾಡಿಕೊಂಡಿದ್ದರು: ಯಶಸ್ವತಿ. "ಆದಿನಾಥ ಸ್ವಾಮಿ ಮನ್ಯಾಗ ಒಬ್ಬಾಕಿ ಸುನಂದಾ, ಒಬ್ಬಾಕಿ ಯಶಸ್ವತಿ. ನಮ್ಮ ಮನ್ಯಾಗೂ ಹಂಗ ಆಗಲಿ."

ಆ ಮನೆಯಲ್ಲಿ ಆದಿನಾಥ ಪುರಾಣ ಯಾಕೆ ಇಷ್ಟು ಮುಖ್ಯ ಎಂದು ನನಗೆ ತಿಳಿಸಿದವನು ಅಜಿತ. ಮರಳಿ ಮಿರಜಕ್ಕೆ ಸ್ಕೂಟರಿನಲ್ಲಿ ಬಿಡಲು ಬಂದವನು ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿದ. ಹೊಸ ಪ್ಲಾಟುಗಳಿಗೆಂದು ಜೋಳದ ಹೊಲದಲ್ಲಿ ಸುಣ್ಣದ ಗೆರೆ ಹಾಕಿದ್ದರು. ಆ ಗೆರೆಗಳನ್ನು ನೋಡುತ್ತ, "ದಾದಾ, ನಂಗೇನೂ ಅಡ್ಡಿ ಇಲ್ರಿ. ಅವ್ವ ಕೇಳಂಗಿಲ್ಲ. ಆಕಿಗೆ ನಮ್ಮ ಅಣ್ಣಂದು ಮನಸಿನಾಗ ಒಂದು ಗಾಯ ಆಗೇತಿ" ಎಂದ.

ಅವನ ಅಣ್ಣನ ಹೆಸರು ಬಾಹುಬಲಿ. ನಮ್ಮ ಜೈನರಲ್ಲಿ ಓಣಿಗೆ ನಾಲ್ಕು ಬಾಹುಬಲಿಗಳು ಸಿಗುತ್ತಾರೆ. ಈ ಬಾಹುಬಲಿ ಹರೆಯದಲ್ಲಿ ಅಳೂ ಸುನಂದಾಳ ಭಕ್ತ. ಅವಳು ಅತ್ತಾಗಲೆಲ್ಲ ಸಾಂಗಲಿಯ ಟಾಕೀಸಿನಲ್ಲಿ ತಾನೂ ಅತ್ತು, ಮರುದಿನ ಮತ್ತೆ ಅಳಲು ಹೋಗುತ್ತಿದ್ದ. ಲಗ್ನವಾದದ್ದು ಕವಲಾಪುರದ ಒಕ್ಕಲು ಮನೆಯ ಹುಡುಗಿಯನ್ನು. ಅವಳ ಹೆಸರು ಹಳ್ಳಿಯದು, ಹೇಗೂ ಬದಲಿಸುವುದಿತ್ತು. ಅಕ್ಕಿಯ ತಾಟು ಮುಂದಿಟ್ಟ ಕೂಡಲೇ ಯಾರನ್ನೂ ಕೇಳದೆ, ಮೊದಲೇ ಮನಸ್ಸಿನಲ್ಲಿ ಮಾಡಿಕೊಂಡವನಂತೆ, ‘ಸುನಂದಾ’ ಎಂದು ಬರೆದುಬಿಟ್ಟ. ಚಂದದ ಹೆಸರು ಎಂದು ಎಲ್ಲರೂ ಪೇಢೆ ತಿಂದರು. ಎಷ್ಟೋ ವರ್ಷ ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ಒಂದು ಚಾತುರ್ಮಾಸದಲ್ಲಿ ಮುನಿಗಳ ಪ್ರವಚನ. ತುಂಬಿದ ಸಭೆ. ಮುನಿಗಳು, "ಸುನಂದಾದೇವಿಯು ಬಾಹುಬಲಿಯ ತಾಯಿ" ಎಂದರು. ಹೆಂಗಸರ ಸಾಲಿಗೆ ಸಾಲೇ ತಿರುಗಿ ಚಂಪಾಬಾಯಿಯನ್ನೂ ಅವರ ಸೊಸೆಯನ್ನೂ ನೋಡಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಅವತ್ತಿನಿಂದ ಅಣ್ಣ ವಹಿನಿನ್ನ ಹೆಸರು ಹಿಡದು ಕರದಿಲ್ರಿ" ಎಂದ ಅಜಿತ. ವಹಿನಿ ಅಂದರೆ ಅತ್ತಿಗೆ. "‘ಅಗಾ’ ಅಂತಾನ, ‘ಇಕಾ’ ಅಂತಾನ. ಮಂದಿ ಇದ್ರ ಬರೇ ಕೆಮ್ಮತಾನ. ಯಾವ ಬಾಯಿಲೆ ಕರೀಬೇಕ್ರಿ?"

"ಮತ್ತ ತಿರುಗಿ ಬದಲಿ ಮಾಡಬೇಕಿತ್ತು."

"ಅವ್ವ ಬಿಡಂಗಿಲ್ರಿ. ಅಕ್ಕಿಯೊಳಗ ಬರದದ್ದು ಅಳಸಬಾರದಂತ. ಈಗ ಯಶಸ್ವತಿನೂ ಬಂದ್ರ, ರಾಣಿಯರ ಜೋಡಿ ಅಂತ ಬೇಕಂತಲೇ ಇಟ್ಟಾರಂತ ಮಂದಿ ತಿಳೀತಾರ ಅಂತಾಳ."

ನಾನು ನಕ್ಕೆ. ಈಗಲೂ ನೆನೆದರೆ ನಗು ಬರುತ್ತದೆ. ಪುರಾಣ ತಿಳಿದ ಮನೆಯಲ್ಲಿ, ಪುರಾಣದ ಹೆಸರಿನ ಮಗ, ಸಿನಿಮಾದ ಹುಚ್ಚಿನಲ್ಲಿ ತನ್ನ ಹೆಂಡತಿಗೆ ತನ್ನದೇ ತಾಯಿಯ ಹೆಸರಿಟ್ಟುಕೊಂಡದ್ದು. ಇಂಥ ತಪ್ಪು ನಮ್ಮ ಜನಕ್ಕೆ ಮಾತ್ರ ಸಾಧ್ಯ. ಆದರೆ ಮೊದಲ ಸಲ ಆ ಮನೆಗೆ ಹೋದಾಗ ಚಹಾ ತಂದುಕೊಟ್ಟ, ಗಂಡ ‘ಅಗಾ’ ಎಂದಾಗ ಬಾಗಿಲಿಗೆ ಬರುತ್ತಿದ್ದ, ಉದ್ದ ಮುಖದ ಆ ಹೆಂಗಸನ್ನು ನೆನೆದು ನಗು ಅರ್ಧಕ್ಕೆ ನಿಂತಿತು. ಅವಳಿಗೆ ಹೆಸರು ಇದ್ದೂ ಇರಲಿಲ್ಲ. ನಗು ನಿಂತಿತು ಎಂದೇ ನನ್ನ ನಂಬಿಕೆ. ಅಷ್ಟು ಒಳ್ಳೆಯವನಾಗಿದ್ದೆನೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ.

ಆ ದಿನಗಳಲ್ಲೇ ಸಾಂಗಲಿ, ಮಿರಜ, ಕುಪವಾಡ ಮೂರನ್ನೂ ಕೂಡಿಸಿ ಒಂದು ಮಹಾನಗರ ಮಾಡುವ ಮಾತು ಎದ್ದಿತ್ತು. ಹೆಸರು ಯಾವುದು ಎಂದು ಪಾನಿನ ಅಂಗಡಿಗಳ ಮುಂದೆ ಜಗಳ. ಮಿರಜದವರು ಸಾಂಗಲಿಯಾಗಲು ಒಲ್ಲರು. ಕುಪವಾಡದವರು, "ನಮ್ಮ ಕಾರಖಾನಿ ಬೇಕು, ಹೆಸರು ಬ್ಯಾಡೇನು?" ಎಂದರು. ಕಡೆಗೆ ಮೂರನ್ನೂ ಅಡ್ಡಗೆರೆ ಹಾಕಿ ಜೋಡಿಸಿದರು. ಬೋರ್ಡು ಬರೆಯುವವನಿಗೆ ಲಾಭವಾಯಿತು. ಊರುಗಳು ಬಿಡದ ಹೆಸರನ್ನು ಹುಡುಗಿ ಬಿಡಬೇಕಂತೆ, ಎಂದು ತಂಗಿ ಗೊಣಗುತ್ತಿದ್ದಳು. ಈ ಮಾತು ಲಗ್ನಕ್ಕೆ ಮೊದಲು ಹೇಳಿದಳೋ, ಬೋರ್ಡು ಬಂದ ಮೇಲೆ ಹೇಳಿದಳೋ, ನನ್ನ ತಲೆಯಲ್ಲಿ ಎರಡೂ ಕಲಸಿಹೋಗಿವೆ.

ಲಗ್ನವಾಯಿತು. ಮಧ್ಯಾಹ್ನದ ಊಟ ಮುಗಿಸಿ ಹೆಣ್ಣನ್ನು ಕುಪವಾಡಕ್ಕೆ ಕರೆದೊಯ್ದರು. ಹೆಣ್ಣಿನ ಕಡೆಯಿಂದ ಜೊತೆಗೆ ನಾನು. ಹೊರಡುವಾಗ ಅಪ್ಪ ನನ್ನ ಕಿವಿಯಲ್ಲಿ, "ಆಕೀ ಬಲಗೈ ಹಿಡಕೊಂಡ ಕುಂದ್ರು" ಎಂದಿದ್ದರು.

ಪಡಸಾಲೆಯಲ್ಲಿ ಚಾಪೆ, ಚಾಪೆಯ ಮೇಲೆ ಮಣೆ, ಮಣೆಯ ಮೇಲೆ ಅಕ್ಕಿಯ ತಾಟು. ಓಣಿಯ ಹೆಂಗಸರು ಕಿಟಕಿಯವರೆಗೂ ತುಂಬಿದ್ದರು. ಆ ಮನೆಯ ಪುರೋಹಿತರಾದ ಉಪಾಧ್ಯೆಯವರು ಕನ್ನಡಕ ಒರೆಸಿಕೊಂಡು, "ಹೂಂ, ಬರೀಪಾ. ಯಶಸ್ವತಿ" ಎಂದರು. ಅಜಿತನ ಕೈಯಲ್ಲಿ ಉಂಗುರ. ಅವನು ಅದನ್ನು ಅಕ್ಕಿಗೆ ತಾಗಿಸಿ ಅಲ್ಲೇ ನಿಲ್ಲಿಸಿದ. ತಂಗಿಯ ಬಲಗೈ ಸೆರಗಿನೊಳಗಿನಿಂದ ಹೊರಬಂದು ತಾಟಿನ ಅಂಚಿಗೆ ಬಂತು. ನಾನು ಹಿಡಿದುಕೊಳ್ಳಲಿಲ್ಲ. ಹಿಡಿಯುವುದು ಮರೆತೆನೋ, ಬೇಕೆಂದೇ ಬಿಟ್ಟೆನೋ, ಅದೂ ಒಂದು ಪ್ರಶ್ನೆ.

"ಅತ್ತಿ, ಒಂದ ಮಾತ ಐತ್ರಿ."

ವಹಿನಿ. ಪೇಢೆಯ ಬುಟ್ಟಿ ಹಿಡಿದು ನಿಂತಿದ್ದವಳು ಅದನ್ನು ಟೀವಿಯ ಮೇಲಿಟ್ಟು ಮುಂದೆ ಬಂದಳು. ಅವಳು ನಾಲ್ಕು ಜನರ ಮುಂದೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲವೆಂದು ತೋರುತ್ತದೆ. ಕಿಟಕಿಯ ಹೆಂಗಸರು ಇನ್ನಷ್ಟು ಒಳಗೆ ಬಾಗಿದರು.

"ಈ ಹುಡುಗಿ ತನ್ನ ಹೆಸರು ತಾ ತಗೊಂಡು ಬಂದೈತಿ. ಆಕೀದು ಆಕೀಗೆ ಇರಲಿ. ನಾ ಇಟ್ಟುಕೊಂಡದ್ದು ನಂದಲ್ರಿ. ಟಾಕೀಸಿನ್ಯಾಕೀದು. ನಂಗ ಎಂದೂ ಹೊಂದಲಿಲ್ಲ. ಅದನ್ನ ತಗೋರಿ, ನಂದು ನಂಗ ತಿರುಗಿ ಕೊಡ್ರಿ."

ಚಂಪಾಬಾಯಿ ಸಿಟ್ಟಾಗುತ್ತಾರೆಂದು ಕಾದೆವು. ಅವರು ಸಿಟ್ಟಾಗಲಿಲ್ಲ. ಸೊಸೆಯನ್ನು ಹೊಸಬಳಂತೆ ನೋಡಿ, "ನಿಂದು... ಏನಿತ್ತು?" ಎಂದರು.

ನಿಜಕ್ಕೂ ಮರೆತಿದ್ದರು. ಹೆಣ್ಣು ನೋಡಲು ಕವಲಾಪುರಕ್ಕೆ ಹೋಗಿ, ಮೈಬಣ್ಣ, ಹಲ್ಲು, ಜಡೆ ಎಲ್ಲ ನೋಡಿ ಆರಿಸಿ ತಂದವರು ಅವರೇ. ಅಕ್ಕಪಕ್ಕದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವರಿಗೂ ಗೊತ್ತಿರಲಿಲ್ಲ. ವಹಿನಿಯೂ ಹೇಳಲಿಲ್ಲ. ಯಾರಾದರೂ ಹೇಳಲಿ ಎಂದು ಕಾಯುವವಳಂತೆ ಕಂಡಳು.

"ನೇಮವ್ವ" ಎಂದರು ಯಾರೋ.

ಹೇಳಿದವನು ಬಾಗಿಲ ಬಳಿ ಚಪ್ಪಲಿಗಳ ನಡುವೆ ನಿಂತಿದ್ದ ಬಾಹುಬಲಿ. ಹೇಳಿ ಗಾಬರಿಯಾಗಿ ಒಮ್ಮೆ ಕೆಮ್ಮಿದ. "ನೇಮವ್ವ. ಲಗ್ನದ ಪತ್ರಿಕಿಯೊಳಗ ಇತ್ತಲ್ಲ" ಎಂದ, ಎಲ್ಲರೂ ದಿನಾ ಲಗ್ನಪತ್ರಿಕೆ ಓದಿಕೊಂಡೇ ಮಲಗುತ್ತಾರೆ ಎಂಬಂತೆ.

ಚಂಪಾಬಾಯಿ ಅಕ್ಕಿಯನ್ನು ನೋಡಿದರು. ಅದರಲ್ಲಿ ಅಜಿತನ ಉಂಗುರ ಕೊರೆದ ಒಂದು ಚುಕ್ಕೆ ಮಾತ್ರ ಇತ್ತು.

"ಹಂಗಾರ ಇನ್ನೊಂದು ತಾಟು ತರ್ರಿ."

"ಬಾಯಿ, ಲಗ್ನಾಗಿ ಇಷ್ಟ ವರ್ಷಕ್ಕ ಹಿಂಗ ಮಾಡೂದು ಶಾಸ್ತ್ರದಾಗ ಇಲ್ರಿ" ಎಂದರು ಉಪಾಧ್ಯೆ.

"ಹೆಂಡ್ತಿಗೆ ತಾಯಿ ಹೆಸರಿಟ್ಟಾಗ ಶಾಸ್ತ್ರ ಎಲ್ಲಿ ಹೋಗಿತ್ರಿ? ನೀವೇ ಕುಂತಿದ್ರಿ ಇಲ್ಲೇ, ಪೇಢೆ ತಿನ್ನಕೋತ. ಸುಮ್ಮನ ಕುಂದ್ರಿ."

ಹೆಂಗಸರು ಹೋ ಎಂದು ನಕ್ಕರು. ಉಪಾಧ್ಯೆಯವರೂ ನಕ್ಕರು. ಅಜಿತ ಆ ಗದ್ದಲದಲ್ಲೇ, ತಾಯಿ ಮನಸ್ಸು ಬದಲಿಸುವ ಮೊದಲು, ಲೇಥಿನ ಕೆಲಸದವನ ಅಚ್ಚುಕಟ್ಟಿನಲ್ಲಿ ಸರಸರನೆ ‘ಸುನಂದಾ’ ಎಂದು ಬರೆದ. ತಂಗಿ ತಾಟಿನ ಅಂಚಿನ ಮೇಲಿನ ಕೈ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು. ಅವಳ ಮುಖ ನೋಡಿದೆ. ಜಿಲ್ಲಾ ಪಂದ್ಯ ಗೆದ್ದ ದಿನವೂ ಹೀಗಿರಲಿಲ್ಲ. ಅವಳು ನೋಡುತ್ತಿದ್ದದ್ದು ತನ್ನ ತಾಟನ್ನಲ್ಲ, ಪಕ್ಕದಲ್ಲಿ ತಂದಿಟ್ಟ ಇನ್ನೊಂದನ್ನು.

ಅದರ ಮುಂದೆ ಬಾಹುಬಲಿ ಕೂತಿದ್ದ, ಕಿವಿಯ ಮೇಲೆ ನರೆ ಬಂದ ಮದುಮಗ. ಉಂಗುರ ಬೆರಳಿನಿಂದ ಬರಲೊಲ್ಲದು. ಮೈ ಬಂದಿತ್ತು. "ಎಣ್ಣಿ ಹಚ್ಚೋ," "ಸಬಕಾರ ಹಚ್ಚೋ," "ಬೆರಳ ಸಹಿತ ಬರಿ ಬಿಡು" ಎಂದು ಕಿಟಕಿಯಿಂದ ಸಲಹೆಗಳು. ಕೊನೆಗೆ ಕೊಬ್ಬರಿ ಎಣ್ಣೆ ಸವರಿ ಬಿಡಿಸಿದ. ಎಣ್ಣೆಯ ಕೈಗೆ ಅಕ್ಕಿ ಮೆತ್ತಿ ಅಕ್ಷರಗಳು ಕುಂಟಿದವು. ಬರೆದು ಮುಗಿಸಿ ಉಪಾಧ್ಯೆಯವರತ್ತ ನೋಡಿದ. "ಬರದ್ರ ಆತೇನು? ಕರೀಬೇಕಲ್ಲ" ಎಂದರು ಅವರು.

ಇನ್ನು ಮುಂದಿನದರ ಬಗ್ಗೆ ನನಗೂ ತಂಗಿಗೂ ವ್ಯಾಜ್ಯವಿದೆ. ನನ್ನ ನೆನಪಿನಲ್ಲಿ ಬಾಹುಬಲಿ ಗಂಟಲು ಸರಿಮಾಡಿಕೊಂಡು "ನೇಮವ್ವಾ" ಎಂದ, ವಹಿನಿ ತಕ್ಷಣ ನಾಚಿ "ಓ" ಎಂದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಹತ್ತಾರು ಸಲ ಹೀಗೇ ಹೇಳಿದ್ದೇನೆ. ಇದನ್ನು ಬರೆಯುವ ಮೊದಲು ಯಾಕೋ ಅನುಮಾನ ಬಂದು ಕುಪವಾಡಕ್ಕೆ ಫೋನು ಮಾಡಿದೆ.

"ಚಪ್ಪಾಳಿ? ಯಾರ ತಟ್ಟಿದ್ರು?" ಎಂದಳು ತಂಗಿ. "ನೀ ಅಲ್ಲಿ ಇರಲೇ ಇಲ್ಲ ದಾದಾ. ಪೇಢೆ ಹಂಚಾಕ ಅಂತ ಬುಟ್ಟಿ ತಗೊಂಡು ಹೊರಗ ಹೋಗಿದ್ದಿ. ಅರ್ಧಾ ನೀನ ತಿಂದಿ."

"ಹಂಗಾರ ಏನಾತು, ನೀನ ಹೇಳು."

"ಭಾವ ಕರದ್ರು. ಆಕಿ ನನ್ನ ಮಗ್ಗಲದಾಗ ನಿಂತಿದ್ಲು. ಹಿಂದ ತಿರುಗಿ ನೋಡಿದ್ಲು."

"ಯಾಕ?"

"ಯಾರನ್ನ ಕರ್ಯಾಕತ್ತಾರ ಅಂತ. ಹಿಂದ ಬರೇ ಗ್ವಾಡಿ ಇತ್ತು, ಮತ್ಯಾರೂ ಇರಲಿಲ್ಲ. ಆವಾಗ ‘ಓ’ ಅಂದ್ಲು."